ಎರಡು ಹಲಗೆಯ ಕೋಣೆ

ಹುಕ್ಕೇರಿ
೮ ಡಿಸೆಂಬರ್ ೨೦೨೪

ಪೂಜ್ಯ ಶಿವವ್ವ ಅಕ್ಕೋರಿಗೆ,

ಮಯೂರಿಯ ನಮಸ್ಕಾರಗಳು. ಮಮದಾಪುರದ ಶಾಲೆಯಲ್ಲಿ ನಾನು ಕಾಡವ್ವ ಅಕ್ಕೋರ ಹತ್ತಿರ ಮೂರನೇ ಇಯತ್ತೆ ಕಲಿಯುವಾಗ ನೀವು ಅದೇ ಕೋಣೆಯಲ್ಲಿ ನಾಲ್ಕನೇ ಇಯತ್ತೆಗೆ ಕಲಿಸುತ್ತಿದ್ದಿರಿ. ನಾನು ನಾಲ್ಕಕ್ಕೆ ಬರುವಷ್ಟರಲ್ಲಿ ನಿಮಗೆ ಮೂಡಲಗಿಗೆ ವರ್ಗವಾಗಿತ್ತು. ಹಾಗೂ ಗುರುತು ಸಿಗದಿದ್ದರೆ, ಗೋಕಾಕದಲ್ಲಿ ಕಾಡವ್ವ ಅಕ್ಕೋರು ತೀರಿಕೊಂಡ ಮೇಲೆ ಮಾಡಿದ ಪುಣ್ಯಾನುಮೋದನೆಯ ದಿನ ಬಾಗಿಲಲ್ಲಿ ನಿಮ್ಮ ಕೈ ಹಿಡಿದು ಒಳಗೆ ಕರೆದುಕೊಂಡು ಹೋದವಳು ನಾನೇ.

ಮೊದಲು ಫೋನು ಮಾಡಿದ್ದೆ. ನಿಮ್ಮ ಮಗ ಸೋಮಲಿಂಗ ಎತ್ತಿಕೊಂಡು, "ಫೋನ್ ಅಂದ್ರ ಅವ್ವಗ ಸೇರಂಗಿಲ್ರಿ. ಪತ್ರ ಬರೀರಿ, ಓದತಾಳ" ಎಂದರು. ಆಫೀಸಿನ ಟಿಪ್ಪಣಿ ಬಿಟ್ಟರೆ ಕೈಯಿಂದ ಬರೆದು ಎಷ್ಟು ವರ್ಷವಾಯಿತೋ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಅಕ್ಕೋರು ಹೋಗಿ ತಿಂಗಳಾಗುತ್ತ ಬಂತು. ಕಾಯಿಲೆ ನಮಗೆಲ್ಲ ಗೊತ್ತಾದದ್ದೇ ದಸರೆ ಮುಗಿದ ಮೇಲೆ. ಡಿಪ್ಲೊಮಾ ಓದುವಾಗಿನಿಂದ ಭಾನುವಾರ ಅವರ ಮನೆಗೆ ಹೋಗುವುದು ನನಗೆ ರೂಢಿ. ಉಂಡು, ಇಬ್ಬರೂ ಚಾಪೆಯ ಮೇಲೆ ಅಡ್ಡಾಗಿ, ಊರವರ ಮೇಲೆಲ್ಲ ಒಂದಿಷ್ಟು ಚಾಡಿ ಮಾತಾಡಿ, ಸಂಜೆ ಬಸ್ಸಿಗೆ ತಿರುಗಿ ಬರುತ್ತಿದ್ದೆ. "ಈಗ ಗೆಳತಿ ಆಗೇದಿ, ಅಕ್ಕೋರ ಅಕ್ಕೋರ ಅನ್ನೂದ್ ಬಿಡ" ಎನ್ನುತ್ತಿದ್ದರು. ಬಾಯಿಗೆ ಬರಲಿಲ್ಲ. ಈಗ ಭಾನುವಾರ ಬಂದರೆ ಏನು ಮಾಡಬೇಕೆಂದು ತಿಳಿಯದೆ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತೇನೆ.

ಕೆಲಸದ ಮಾತಿಗೆ ಬರುತ್ತೇನೆ. ನಾವು ಹಳೆಯ ವಿದ್ಯಾರ್ಥಿಗಳು ಕೂಡಿ ಮಮದಾಪುರದ ಆ ಹಳೆಯ ಕೋಣೆಯನ್ನು ದುರಸ್ತಿ ಮಾಡಿಸಿ, ಅಕ್ಕೋರ ಹೆಸರಿನಲ್ಲಿ ಮಕ್ಕಳ ಓದುವ ಕೋಣೆ ಮಾಡುತ್ತಿದ್ದೇವೆ. ಗೋಡೆಯ ಮೇಲೆ ಅವರದೊಂದು ಮಾತು ಬರೆಸಬೇಕು. ನಾನು ಆರಿಸಿದ್ದು ಇದು: "ತಿಳೀಲಿಲ್ಲಂದ್ರ ತಿಳೀಲಿಲ್ಲಂತ ಜೋರಾಗಿ ಹೇಳ್ರಿ. ಇನ್ನೊಮ್ಮಿ ಹೇಳಾಕ ನಾ ಅದೇನಿ."

ನಾನು ಈಗ ಹುಕ್ಕೇರಿಯಲ್ಲಿ ಭೂಮಾಪಕಿ. ಹೊಲ ಅಳೆದು ನಕ್ಷೆ ತೋರಿಸಿದರೆ ರೈತರು ಏನೂ ತಿಳಿಯದಿದ್ದರೂ ತಲೆ ಅಲ್ಲಾಡಿಸುತ್ತಾರೆ. ಮೊನ್ನೆ ಕಣಗಲಾದಲ್ಲಿ ಒಬ್ಬ ಮುದುಕಪ್ಪ ಹಾಗೇ ಹೂಂಗುಟ್ಟಿದಾಗ ಈ ಮಾತೇ ನನ್ನ ಬಾಯಿಂದ ಬಂತು. ಅವನು ಬಾಂದುಗಲ್ಲಿನ ಮೇಲೆ ಕೂತು, "ಹಂಗಾದ್ರ ಮೊದಲಿಂದ ಹೇಳವಾ" ಎಂದ. ನನಗೆ ಅಕ್ಕೋರು ಕೊಟ್ಟದ್ದರಲ್ಲಿ ದೊಡ್ಡದು ಇದೇ. ನೀವು ಅವರ ಗೆಳತಿ. ಆರಿಸಿದ್ದು ಸರಿಯೋ ಹೇಳಿರಿ. ಮಾರ್ಚ್ ಒಂಬತ್ತರ ಭಾನುವಾರ ಕೋಣೆ ತೆರೆಯುತ್ತೇವೆ. ನೀವು ಬಂದು ಎರಡು ಮಾತಾಡಬೇಕು.

ನಿಮ್ಮ
ಮಯೂರಿ

* * *

ಮೂಡಲಗಿ
೧೯ ಡಿಸೆಂಬರ್ ೨೦೨೪

ಚಿ. ಮಯೂರಿಗೆ ಶಿವವ್ವನ ಆಶೀರ್ವಾದ.

ಪತ್ರ ಬಂತು. ಅಕ್ಷರ ಚೆನ್ನಾಗಿದೆ. ಕಾಡವ್ವನ ಕೈಯಲ್ಲಿ ತಿದ್ದಿಸಿಕೊಂಡದ್ದು ಕಾಣುತ್ತದೆ, 'ಳ'ದ ಬಾಲ ಅವಳ ಹಾಗೇ ಉದ್ದ.

ನಿನ್ನ ಮುಖ ನನಗೆ ನೆನಪಿರಲಿಲ್ಲ, ಅದಕ್ಕೆ ಕಾರಣವೂ ಇದೆ. ಆ ಕೋಣೆಯಲ್ಲಿ ಎರಡು ಕರಿಹಲಗೆ, ಆಚೆ ಗೋಡೆಗೊಂದು, ಈಚೆ ಗೋಡೆಗೊಂದು. ಮೂರನೆಯವರು ಅವಳ ಕಡೆ, ನಾಲ್ಕನೆಯವರು ನನ್ನ ಕಡೆ ಮುಖ ಮಾಡಿ, ನಡುವೆ ಬೆನ್ನಿಗೆ ಬೆನ್ನು ಕೊಟ್ಟು ಕೂಡುತ್ತಿದ್ದಿರಿ. ನಾನು ನೋಡಿದ್ದು ನಿನ್ನ ಎರಡು ಜಡೆ ಮತ್ತು ಬೆನ್ನು. ಎಡಗಡೆಯ ಜಡೆ ಯಾವಾಗಲೂ ಬಿಚ್ಚಿರುತ್ತಿತ್ತು.

ಹೀಗೆ ಕಲಿಸುವುದು ಈಗಿನವರಿಗೆ ಗದ್ದಲ ಅನಿಸೀತು. ನಮಗೆ ಅನಿಸಲಿಲ್ಲ. ನಾನು ಬಾಯಿಂದ ಹೇಳುವಾಗ ಅವಳ ಮಕ್ಕಳು ಬರೆಯಬೇಕು, ಅವಳು ಹೇಳುವಾಗ ನನ್ನವರು ಬರೆಯಬೇಕು. ಅವಳು ಡಸ್ಟರಿನಿಂದ ಹಲಗೆ ಬಡಿದರೆ ನಾನು ಬಾಯಿ ಮುಚ್ಚಬೇಕು. ನಾನು ಬಡಿದರೂ ಅವಳು ಮಾತ್ರ ಕತೆ ಮುಗಿಸದೆ ಬಿಡುತ್ತಿರಲಿಲ್ಲ, ಅಷ್ಟು ಹಟ. ಮಧ್ಯಾಹ್ನ ಅವಳ ಪುಂಡಿಪಲ್ಲೆ ನಾನು ತಿನ್ನುತ್ತಿದ್ದೆ, ನನ್ನ ಶೇಂಗಾ ಚಟ್ನಿ ಅವಳು ಖಾಲಿ ಮಾಡುತ್ತಿದ್ದಳು. ಇದಕ್ಕಿಂತ ಹೆಚ್ಚು ಬರೆಯಲು ಈಗ ಆಗುತ್ತಿಲ್ಲ.

ಆ ಮಾತಿನ ಬಗ್ಗೆ ಕೇಳಿದ್ದೀ. ಆ ಕೋಣೆಯಲ್ಲಿ ಆ ಮಾತು ಬಹಳ ಸಲ ಕೇಳಿಬಂದಿದೆ, ಅದು ಖರೆ. ಯಾರು ಯಾವಾಗ ಹೇಳಿದರು ಎಂಬುದೆಲ್ಲ ಈಗ ಯಾರಿಗೆ ಬೇಕು? ಬರೆಸಿರಿ. ಬಣ್ಣ ದಪ್ಪ ಇರಲಿ.

ಸಮಾರಂಭಕ್ಕೆ ಬರುವುದು ಆಗಲಿಕ್ಕಿಲ್ಲ. ಮೊಣಕಾಲು.

ಶಿವವ್ವ

* * *

ಹುಕ್ಕೇರಿ
೨ ಜನವರಿ ೨೦೨೫

ಶಿವವ್ವ ಅಕ್ಕೋರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಹಲವು ಸಲ ಓದಿದೆ. ಜಡೆಯ ಮಾತಿಗೆ ನಗು ಬಂತು. ಕೊನೆಗೆ ಬಂದಾಗ ಮಾತ್ರ ಮನಸ್ಸಿಗೆ ಪಿಚ್ಚೆನಿಸಿತು. 'ಯಾರಿಗೆ ಬೇಕು' ಎಂದು ಯಾಕೆ ಬರೆದಿರಿ? ನನಗೆ ಬೇಕು.

ಮನಸ್ಸಿನಲ್ಲಿ ಇಟ್ಟುಕೊಂಡು ಕುದಿಯುವುದಕ್ಕಿಂತ ಕೇಳಿಬಿಡುತ್ತೇನೆ. ಪುಣ್ಯಾನುಮೋದನೆಯ ದಿನ ನೀವು ಎಲ್ಲರಿಗಿಂತ ಹಿಂದೆ ಕೂತಿರಿ. ಒಬ್ಬೊಬ್ಬರೇ ಎದ್ದು ಅಕ್ಕೋರ ಬಗ್ಗೆ ಮಾತಾಡುತ್ತಿದ್ದಾಗ ನಡುವೆಯೇ ಎದ್ದು ಹೋದಿರಿ. ಉಣ್ಣಲಿಲ್ಲ, ಕೊಟ್ಟ ನೀರಿನ ಲೋಟ ಅಲ್ಲೇ ಕಿಟಕಿಯಲ್ಲಿತ್ತು. ಅಕ್ಕೋರ ತಮ್ಮ ಲಗಮಪ್ಪ ಕಾಕಾ, "ಶಿವವ್ವ ಅಕ್ಕೋರ ಉಂಡ್ ಹೋದ್ರಿಲ್ಲ?" ಎಂದು ಎರಡೆರಡು ಸಲ ಕೇಳಿದರು. ಅವರಿಗೆ ನೋವಾಗಬಾರದೆಂದು ಹೂಂ ಎಂದೆ.

ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ನಮ್ಮ ಓಣಿಯಲ್ಲಿ ನೀರೂ ಮುಟ್ಟದೆ, ಮುಖದ ಮೇಲೆ ನಗು ಇಟ್ಟುಕೊಂಡೇ ಹೋಗುವವರನ್ನು ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಶಿವಕ್ಕ ಅಂಥವಳಲ್ಲ ಎಂದು ಅಕ್ಕೋರು ಹೇಳುತ್ತಿದ್ದರು. ಅವರಿದ್ದಾಗ ನಾನು ನಂಬಿದ್ದೆ. ಈಗ ಅವರಿಲ್ಲ, ಯಾರನ್ನು ಕೇಳಲಿ?

ಮೊಣಕಾಲೇ ಕಾರಣವಾದರೆ ಮೂಡಲಗಿಗೆ ಕಾರು ತರುತ್ತೇನೆ. ಬೇರೆ ಏನಾದರೂ ಇದ್ದರೆ ಅದನ್ನೇ ಬರೆಯಿರಿ.

ಮಯೂರಿ

* * *

ಮೂಡಲಗಿ
೧೧ ಜನವರಿ ೨೦೨೫

ಮಯೂರಿ,

ನಿನ್ನ ಪತ್ರ ಓದಿ ಕೆಂಡದಂಥ ಸಿಟ್ಟು ಬಂತು. ಅದು ಆರಲಿ ಎಂದು ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಆರಿದೆ ಎಂದು ತಿಳಿಯಬೇಡ.

ನನಗೆ ಕಿವಿ ಕೇಳುವುದಿಲ್ಲ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಬಾಯಿ ಹಚ್ಚಿ ಹೇಳಿದರೆ ಅಷ್ಟಿಷ್ಟು. ಮಷೀನು ಹಾಕಿಸಿದರೆ ತಲೆಯಲ್ಲಿ ಗಿರಣಿ ನಡೆದಂತಾಗುತ್ತದೆ. ಫೋನು ಸೇರಂಗಿಲ್ಲ ಎಂದು ಹೇಳುವಂತೆ ಸೋಮಲಿಂಗನಿಗೆ ನಾನೇ ಹೇಳಿಕೊಟ್ಟದ್ದು. ಜೀವನವೆಲ್ಲ ಮಕ್ಕಳಿಗೆ 'ಕೇಳ್ರಿ' ಎಂದು ಕೂಗಿದವಳು ನಾನು, ಕಿವುಡಿ ಅನಿಸಿಕೊಳ್ಳುವುದಕ್ಕಿಂತ ಸೊಕ್ಕಿನಾಕಿ ಅನಿಸಿಕೊಳ್ಳುವುದೇ ಮೇಲು ಅನಿಸಿತ್ತು. ಹಾಗೇ ಅನಿಸಿಕೊಂಡೆ ನೋಡು, ನಿನ್ನ ಕೈಯಲ್ಲಿ.

ಆವತ್ತು ನೀವು ಮೇಣದಬತ್ತಿ ಹಚ್ಚಿದ್ದು ಕಂಡೆ. ಬುದ್ಧನ ಮುಂದೆ, ಬಾಬಾಸಾಹೇಬರ ಫೋಟೊದ ಮುಂದೆ ಎಲ್ಲರೂ ಕೈಮುಗಿದಾಗ ನಾನೂ ಮುಗಿದೆ. ಆಮೇಲೆ ಒಬ್ಬರ ನಂತರ ಒಬ್ಬರು ನಿಂತರು. ಬಿಳಿ ಅಂಗಿಯ ಒಬ್ಬ ಏನೋ ಹೇಳಿದ, ಎಲ್ಲರೂ ಬಿದ್ದು ಬಿದ್ದು ನಕ್ಕಿರಿ. ನೀನು ನಿಂತು ಏನೋ ಹೇಳಿದೆ, ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದರು. ನನ್ನ ಗೆಳತಿಯ ಬಗ್ಗೆ ಊರೆಲ್ಲ ಮಾತಾಡುತ್ತಿದೆ, ನನಗೆ ಬಾಯಿಗಳು ಆಡುವುದಷ್ಟೇ ಕಾಣುತ್ತಿದೆ. ಎಲ್ಲರೂ ನಕ್ಕಾಗ ನಕ್ಕು, ಅತ್ತಾಗ ಅತ್ತು ನಾಟಕ ಮಾಡಬೇಕಿತ್ತು. ಆಗಲಿಲ್ಲ, ಎದ್ದು ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಒಬ್ಬಳೇ ಅತ್ತೆ. ಉಣ್ಣಲು ಕೂಡುವ ಹೊತ್ತಲ್ಲ ಅದು.

ನಿನಗೆ ಹಾಗೆ ಅನಿಸಿದ್ದು ನಿನ್ನ ತಪ್ಪು ಎನ್ನಲಾರೆ. ನಮ್ಮವರು ಹಾಗೆ ಎದ್ದು ಹೋಗುವುದನ್ನು ನಾನೂ ನೋಡಿದ್ದೇನೆ, ನಮ್ಮ ಮನೆಯ ಹಿರಿಯರನ್ನೂ ಸೇರಿಸಿ. ಆದರೆ ಅವಳ ಕೈಯ ರೊಟ್ಟಿ ತಿಂದು ನನ್ನ ಅರ್ಧ ಆಯುಷ್ಯ ಕಳೆದಿದೆ. ನನ್ನನ್ನು ಆ ಸಾಲಿಗೆ ಸೇರಿಸಿದ್ದಕ್ಕೆ ನೋವಾಯಿತು. ಲಗಮಪ್ಪನಿಗೆ ನಿಜ ಹೇಳು, ಮುಚ್ಚಿಡಬೇಡ.

ಇನ್ನೊಂದು. ಬರೆಯಬಾರದೆಂದಿದ್ದೆ. ನೀವು ಗೋಡೆಗೆ ಬರೆಸುವ ಆ ಮಾತು ಕಾಡವ್ವನದಲ್ಲ, ನನ್ನದು. ನಾಲ್ಕನೇ ಇಯತ್ತೆಯವರಿಗೆ ಭಾಗಾಕಾರ ಹೇಳುವಾಗ ದಿನಾ ಹೇಳುತ್ತಿದ್ದೆ. ನೀನು ಅವಳ ಮುಖ ನೋಡುತ್ತ ಕೂತು, ನನ್ನ ದನಿ ಕೇಳಿದ್ದೀ. ಮೂವತ್ತು ಚಿಲ್ಲರೆ ವರ್ಷ ಕಲಿಸಿದೆ, ಇಲ್ಲಿಯವರೆಗೆ ಒಬ್ಬರೂ ಬಂದು 'ನೀವು ಹೇಳಿದ್ದು ನೆನಪಿದೆ' ಎಂದಿರಲಿಲ್ಲ. ಒಬ್ಬಳು ಬರೆದಳು, ಅದೂ ಅವಳ ಹೆಸರಿನಲ್ಲಿ. ಸತ್ತ ಗೆಳತಿಯ ಮೇಲೆ ಹೊಟ್ಟೆಕಿಚ್ಚು ಪಡುವ ಹಾಗಾಯಿತು, ಈ ವಯಸ್ಸಿನಲ್ಲಿ.

ಈ ಹಾಳೆ ಹರಿದು ಹಾಕಬೇಕು. ಸೋಮಲಿಂಗ ಅಂಚೆಗೆ ಹೊರಟು ನಿಂತಿದ್ದಾನೆ. ಹೋಗಲಿ, ಒಯ್ಯಲಿ.

ಶಿವವ್ವ

* * *

ಹುಕ್ಕೇರಿ
೧೬ ಫೆಬ್ರುವರಿ ೨೦೨೫

ಪೂಜ್ಯ ಶಿವವ್ವ ಅಕ್ಕೋರಿಗೆ,

ಉತ್ತರ ಬರೆಯಲು ತಿಂಗಳಿಗಿಂತ ಹೆಚ್ಚು ತಗೊಂಡೆ. ಕೆಲಸ ಹೆಚ್ಚಿತ್ತು ಎಂದರೆ ಸುಳ್ಳು. ಏನು ಬರೆಯಬೇಕೆಂದು ತಿಳಿಯಲಿಲ್ಲ.

ಮೊದಲು, ತಪ್ಪಾಯಿತು. ಕಿಟಕಿಯಲ್ಲಿದ್ದ ಒಂದು ಲೋಟ ನೋಡಿ ಮನುಷ್ಯರನ್ನೇ ಅಳೆದುಬಿಟ್ಟೆ. ಹೊಲ ಅಳೆಯುವಾಗ ಹೀಗೆ ಮಾಡಿದರೆ ನನ್ನ ಕೆಲಸ ಹೋಗುತ್ತದೆ. ಲಗಮಪ್ಪ ಕಾಕಾನಿಗೆ ಹೇಳಿದೆ. ಅವರು, "ಅಯ್ಯ ಹುಚ್ಚಿ, ಆಕೀಗಿ ಕೇಳಂಗಿಲ್ಲನ್ನೂದು ನಮ್ಮಕ್ಕಗ ಗೊತ್ತಿತ್ತಲ್ಲ. ಯಾರ ಮುಂದೂ ಅನಬ್ಯಾಡಂದಿದ್ಲು" ಎಂದರು. ನಿಮ್ಮ ಗುಟ್ಟನ್ನು ಅಕ್ಕೋರು ನನಗೂ ಬಿಟ್ಟುಕೊಟ್ಟಿರಲಿಲ್ಲ.

ಇನ್ನು ಆ ಮಾತು. ನಿಮ್ಮನ್ನು ನಂಬದೆ ಅಲ್ಲ, ನನ್ನನ್ನು ನಂಬಲಾರದೆ, ಗುರುಪಾದನನ್ನು ಹಿಡಿದೆ. ನಿಮ್ಮ ನಾಲ್ಕನೇ ಇಯತ್ತೆಯಲ್ಲಿದ್ದ, ಈಗ ಗೋಕಾಕದಲ್ಲಿ ಬಣ್ಣ, ಸಿಮೆಂಟಿನ ಅಂಗಡಿ ಇಟ್ಟಿದ್ದಾನೆ. ಕೋಣೆಗೆ ಬಣ್ಣ ಕೊಟ್ಟವನೂ ಅವನೇ. ಕೇಳಿದ ಕೂಡಲೇ, "ಅದು ಶಿವವ್ವ ಅಕ್ಕೋರ ಮಾತಲ್ಲೇನ? ಭಾಗಾಕಾರ ಬರಲಾರದಾಂವ ನಾನ ಇದ್ನಿ, ನನಗ ಹೇಳೇ ಹೇಳೇ ಅವರ ಗಂಟಲಾ ಹೋತ" ಎಂದ. ಗೋಡೆಯ ಮೇಲೆ ಬರೆಸುವಾಗ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ, "ನೀ ಕಾಡವ್ವ ಅಕ್ಕೋರ ಪ್ರೀತಿ ಹುಡುಗಿ, ನಿನ್ನ ಕೂಡ ಯಾರ ವಾದಾ ಮಾಡಬೇಕ" ಎಂದು ನಕ್ಕ.

ಅವನನ್ನು ಕರೆದುಕೊಂಡು ಮಮದಾಪುರಕ್ಕೆ ಹೋದೆ. ಕೋಣೆ ಖಾಲಿ ಇತ್ತು. ನನ್ನ ಹಳೆಯ ಜಾಗದಲ್ಲಿ, ಕಾಡವ್ವ ಅಕ್ಕೋರ ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂತೆ. ಗುರುಪಾದ ನಿಮ್ಮ ಗೋಡೆಯ ಹತ್ತಿರ ನಿಂತು ಆ ಮಾತು ಹೇಳಿದ. ದನಿ ಬೆನ್ನಿಗೆ ಬಂದು ತಾಗಿತು. ಅದು ಬರುತ್ತಿದ್ದದ್ದು ಅಲ್ಲಿಂದಲೇ. ನನಗೆ ಆಗಲೇ ಎಲ್ಲ ಗೊತ್ತಾಯಿತು.

ನಿಮಗೆ ಹೇಳಲು ನಾಚಿಕೆ, ಆದರೆ ಹೇಳುತ್ತೇನೆ: ನನಗೆ ಸಂತೋಷವಾಗಲಿಲ್ಲ. ಅಳು ಬಂತು. ನನ್ನಲ್ಲಿ ಅವರದೆಂದು ಉಳಿದದ್ದು ಇದೊಂದು ಎಂದುಕೊಂಡಿದ್ದೆ. ಅದೂ ಅವರದಲ್ಲ ಎಂದರೆ ಅವರನ್ನು ಇನ್ನೊಮ್ಮೆ ಮಣ್ಣು ಮಾಡಿದಂತಾಯಿತು. ಇದರಲ್ಲಿ ನಿಮ್ಮ ತಪ್ಪೇನಿಲ್ಲ. ನಿಮ್ಮ ಮಾತನ್ನು ದಿನಾ ಆಡಿ ಅನ್ನ ಉಣ್ಣುತ್ತಿರುವವಳು ನಾನು, ನಿಮಗೆ ಕೃತಜ್ಞತೆ ಹೇಳಬೇಕಾದವಳು, ಅಳುತ್ತ ಕೂತೆ.

ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಆ ಮಾತು, ಕೆಳಗೆ ಕಾಡವ್ವ ಅಕ್ಕೋರ ಹೆಸರು, ಬರೆಸಿ ಆಗಿದೆ. ಹೆಸರು ಅಳಿಸಿ ನಿಮ್ಮದು ಬರೆಸೋಣ ಎಂದು ಗುರುಪಾದ ಹೇಳುತ್ತಾನೆ. ಅವರ ಹೆಸರಿನ ಕೋಣೆಯಲ್ಲಿ ಅವರ ಹೆಸರು ಅಳಿಸುವುದು ಹೇಗೆ? ಬಿಟ್ಟರೆ ನಿಮಗೆ ಅನ್ಯಾಯ. ಪೂರ್ತಿ ಸುಣ್ಣ ಹೊಡೆದುಬಿಡೋಣ ಎಂದು ಉಳಿದವರು. ನೀವು ಹೇಳಿದಂತೆ ಮಾಡುತ್ತೇನೆ. ಸುಣ್ಣ ಹೊಡೆ ಎಂದರೆ ನಾನೇ ಹೊಡೆಯುತ್ತೇನೆ.

ನಿಮ್ಮ ವಿದ್ಯಾರ್ಥಿನಿ
ಮಯೂರಿ

* * *

ಮೂಡಲಗಿ
೨೪ ಫೆಬ್ರುವರಿ ೨೦೨೫

ಚಿ. ಮಯೂರಿಗೆ ತುಂಬು ಆಶೀರ್ವಾದ.

'ನಿಮ್ಮ ವಿದ್ಯಾರ್ಥಿನಿ' ಎಂದು ಬರೆದದ್ದನ್ನು ಸೊಸೆಗೆ ಓದಿ ತೋರಿಸಿದೆ. ಸೋಮಲಿಂಗನಿಗೂ ತೋರಿಸಿದೆ. ಗುರುಪಾದ ಅಂಗಡಿ ಇಟ್ಟಿದ್ದಾನೆಂದರೆ ನನಗೆ ಕಾಳಜಿ, ಭಾಗಾಕಾರ ಯಾರು ಮಾಡುತ್ತಾರೆ?

ಸುಣ್ಣ ಹೊಡೆಯಬೇಡ, ಒಂದಕ್ಷರವನ್ನೂ ಅಳಿಸಬೇಡ. ಯಾಕೆಂದು ಹೇಳುತ್ತೇನೆ, ಸಮಾಧಾನದಿಂದ ಓದು. ಹೋದ ಪತ್ರದಲ್ಲಿ ಸಿಟ್ಟಿನಲ್ಲಿ ಅರ್ಧ ಬರೆದೆ, ಉಳಿದದ್ದು ಇದು.

ಹೋದ ಶ್ರಾವಣದಲ್ಲಿ ಕಾಡವ್ವ ಮೂಡಲಗಿಗೆ ಬಂದಿದ್ದಳು. ಮಧ್ಯಾಹ್ನ ಉಂಡು ಪಡಸಾಲೆಯಲ್ಲಿ ಕೂತಿದ್ದೆವು. ಅವಳು ಎಡಗಡೆ ಕೂತು ಏನೋ ಹೇಳುತ್ತಿದ್ದಳು, ನಿಧಾನವಾಗಿ, ನೆಲ ನೋಡುತ್ತ. ನನಗೆ ಏನೂ ಕೇಳಲಿಲ್ಲ. ರೂಢಿಯಂತೆ ತಲೆ ಅಲ್ಲಾಡಿಸಿದೆ. ಅವಳು ಮಾತು ನಿಲ್ಲಿಸಿ ನನ್ನ ಮುಖ ನೋಡಿದಾಗ, ಏನೋ ಒಳ್ಳೆಯ ಸುದ್ದಿ ಇರಬೇಕೆಂದು ನಕ್ಕು, "ಛಲೋ ಆತ್ ಬಿಡ" ಎಂದೆ.

ಅವಳು ಎದ್ದು ನನ್ನ ಬಲಗಡೆಗೆ ಬಂದು ಕೂತು, ಕಿವಿಗೆ ಬಾಯಿ ಹಚ್ಚಿ ಹೇಳಿದಳು: "ಶಿವಕ್ಕಾ, ತಿಳೀಲಿಲ್ಲಂದ್ರ ತಿಳೀಲಿಲ್ಲಂತ ಜೋರಾಗಿ ಹೇಳ. ಇನ್ನೊಮ್ಮಿ ಹೇಳಾಕ ನಾ ಅದೇನಿ."

ಸಿಕ್ಕಿಬಿದ್ದ ನಾಚಿಕೆಗೆ, "ಏ, ಅದು ನನ್ನ ಮಾತಲೇ" ಎಂದು ಬೈದೆ.

"ನಿಂದಂತ ನನಗ ಗೊತ್ತಿಲ್ಲೇನ? ನಾ ಸಾಲಿಗೆ ಹೊಸದಾಗಿ ಬಂದ ವಾರದಾಗ ಕೇಳಿದ್ದು. ಆ ಕಡೆ ಹಲಿಗಿ ಮ್ಯಾಲ ಬರಕೋತ ನಿಂತಿದ್ನಿ. ನೀ ಹುಡುಗೂರಿಗೆ ಹೇಳಿದಿ, ಅದು ನನಗ ಹೇಳಿದಂಗಾತು. ನಾ ಕಲತ ಸಾಲ್ಯಾಗ ನಮ್ಮ ಓಣಿ ಹುಡುಗೂರನ್ನ ಬಾಗಲ ಹಂತ್ಯಾಕ ಬ್ಯಾರೆ ಕುಂಡ್ರಿಸ್ತಿದ್ರು. ತಿಳೀಲಿಲ್ಲಂತ ಒಂದ ದಿನಾ ಬಾಯಿ ತಗೀಲಿಲ್ಲ ನಾನು. ಆವತ್ತಿಂದ ನಿನ್ನ ಮಾತ ನಂದು ಮಾಡ್ಕೊಂಡೇನಿ. ತಿರಗಿ ಕೊಡಂಗಿಲ್ಲ."

ಹೀಗೆ ಹೇಳಿ ನಕ್ಕಳು. ಆಮೇಲೆ, ನಾನು ಮೊದಲು ಕೇಳದೇ ಹೋದ ಸುದ್ದಿಯನ್ನು ಇನ್ನೊಮ್ಮೆ ಹೇಳಿದಳು. ಕಾಯಿಲೆ ಯಾವುದು, ಡಾಕ್ಟರು ಏನೆಂದರು, ಇನ್ನು ಹೆಚ್ಚು ದಿನ ಇಲ್ಲ ಎಂಬುದು. ನನಗೆ ಕೇಳಿಸಲೆಂದು ಅಷ್ಟು ಜೋರಾಗಿ ಹೇಳಿದಳು. ಬಾಜೂ ಮನೆಯಾಕೆ ಏನಾಯಿತೆಂದು ಗೋಡೆಯ ಮೇಲಿಂದ ಇಣುಕಿದಳು. ನಡುವೆ ಒಂದು ಮಾತು ತಿಳಿಯದೆ ನಾನು ಮತ್ತೆ ಕೇಳಿದೆ, ಮತ್ತೆ ಹೇಳಿದಳು. ತನ್ನ ಸಾವಿನ ಸುದ್ದಿಯನ್ನು ನನಗಾಗಿ ಎಷ್ಟು ಸಲ ಬೇಕೋ ಅಷ್ಟು ಸಲ ಹೇಳಿದಳು, ಬೇಸರ ಮಾಡಿಕೊಳ್ಳಲಿಲ್ಲ. ನಾನು ಅವಳ ಸಾವಿನ ಮಾತಿಗೆ ಛಲೋ ಆತು ಎಂದಿದ್ದೆ. ಅದನ್ನು ಒಂದು ಸಲವೂ ಎತ್ತಿ ಆಡಲಿಲ್ಲ. ದಸರೆವರೆಗೆ ಯಾರಿಗೂ ಹೇಳಬೇಡ ಎಂದಳು. ನನ್ನ ಕಿವಿಯ ಗುಟ್ಟು ಅವಳಲ್ಲಿತ್ತು, ಅವಳ ಗುಟ್ಟು ನನ್ನಲ್ಲಿತ್ತು.

ಈಗ ಹೇಳು, ಆ ಮಾತು ಯಾರದು? ನಾನು ಅದನ್ನು ಹೇಳಿದ್ದು 'ಸದ್ದು ಮಾಡಬ್ಯಾಡ್ರಿ' ಎಂದಂತೆ, ಬಾಯಿ ರೂಢಿಯಿಂದ. ಗುರುಪಾದ ಐದನೇ ಸಲ ಕೇಳಿದಾಗ ಬೆತ್ತವನ್ನೂ ತೋರಿಸಿದ್ದೇನೆ, ಅವನು ದೊಡ್ಡ ಮನಸ್ಸಿನಿಂದ ಮರೆತಿದ್ದಾನೆ. ಅವಳು ಅದನ್ನು ಹೇಳಿದಂತೆ ನಡೆದಳು. ನಿನಗೆ ಬಂದದ್ದು ನನ್ನ ದನಿ, ಆದರೆ ನಿನಗೆ ಏನೂ ತಿಳಿಯದಿದ್ದಾಗ ಪಕ್ಕಕ್ಕೆ ಬಂದು ಕೂತು ಇನ್ನೊಮ್ಮೆ ಹೇಳಿದವಳು ಅವಳೇ ಅಲ್ಲವೆ? ನೀನು ಅವಳನ್ನು ಇನ್ನೊಮ್ಮೆ ಕಳೆದುಕೊಂಡಿಲ್ಲ. ಅಳುವುದಿದ್ದರೆ ಒಂದು ಸಲದ್ದು ಸಾಕು. ಗೋಡೆಯ ಮೇಲೆ ಅವಳ ಹೆಸರೇ ಇರಲಿ. ನನ್ನ ಹೆಸರಿನ ಆಸೆ ಇಲ್ಲ ಎಂದರೆ ಸುಳ್ಳಾದೀತು, ಒಂದಿಷ್ಟು ದಿನ ಇತ್ತು. ನೀನು ಆ ಕೋಣೆಯಲ್ಲಿ ನೆಲಕ್ಕೆ ಕೂತು ನನ್ನ ಗೋಡೆಯ ಕಡೆಗೆ ಕಿವಿಗೊಟ್ಟೆಯಲ್ಲ, ಅಲ್ಲಿಗೆ ತೀರಿತು.

ಮಾರ್ಚ್ ಒಂಬತ್ತಕ್ಕೆ ಬರುತ್ತೇನೆ. ಕಾರು ಬೇಡ, ಸೋಮಲಿಂಗ ಬೆಳಗಿನ ಬಸ್ಸು ಹತ್ತಿಸುತ್ತಾನೆ. ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ನೀನು ನಿಂತಿರು. ಮೊದಲು ಲಗಮಪ್ಪನ ಮನೆಗೆ ಹೋಗಿ ಉಣ್ಣೋಣ, ಆವತ್ತಿನದು ಬಾಕಿ ಇದೆ. ಭಾಷಣ ಮಾಡೆಂದು ನನಗೆ ಹೇಳಬೇಡ, ಹೇಳಿದರೂ ಮಾಡುವುದಿಲ್ಲ.

ಆದರೆ ಕೋಣೆಯಲ್ಲಿ ನನ್ನ ಬಲಗಡೆ ಕೂಡು. ಯಾರು ನಿಂತು ಏನು ಹೇಳಿದರೂ ನನ್ನ ಕಿವಿಯಲ್ಲಿ ಹೇಳುತ್ತ ಹೋಗು, ಜನ ತಿರುಗಿ ನೋಡಿದರೆ ನೋಡಲಿ. ತಿಳಿಯದಿದ್ದರೆ ನಾನು ಜೋರಾಗಿಯೇ ಕೇಳುವವಳು. ಸಭೆ ನಿಂತರೂ ಚಿಂತೆಯಿಲ್ಲ. ಅವಳ ಬಗ್ಗೆ ಆಡಿದ ಮಾತು ಒಂದನ್ನೂ ಬಿಡಬೇಡ ಮಗಳೇ, ಎಲ್ಲಾ ಬೇಕು ನನಗೆ.

ನಿನ್ನ ಅಕ್ಕೋರು
ಶಿವವ್ವ